ಗಡಿನಾಡಿನ ಮಕ್ಕಳಿಗೆ ಒಳ್ಳೆ ಕಾಲೇಜಲ್ಲಿ ಸೀಟ್ ಸಿಗುವ ಚಾನ್ಸ್ ಎಷ್ಟು: ಮನೆಯಲ್ಲೇ ಕೂತು ಲೆಕ್ಕ ಹಾಕುವ ಕ್ರಮ

ಪ್ಲಸ್ ವನ್ನಿಗೆ (ಕೇರಳದ ಹನ್ನೊಂದನೇ ಕ್ಲಾಸಿಗೆ) ಸೇರಿ ಮೂರು ತಿಂಗಳಾಗಿತ್ತಷ್ಟೆ, ಅಣ್ಣನ ಮಗ ಬಂದು "ಅತ್ತೆ, ನಂಗೆ ಸುರತ್ಕಲ್ ಎನ್‌ಐಟಿ ಸಿಗ್ಬಹುದಾ?" ಅಂತ ಕೇಳಿದ. ಎನ್‌ಐಟಿ ಅಂದ್ರೆ ಕೇಂದ್ರ ಸರಕಾರದ ಎಂಜಿನಿಯರಿಂಗ್ ಕಾಲೇಜು. ನಾನು ಆ ಕ್ಷಣಕ್ಕೆ "ಸಿಗ್ತದೆ ಮಾರಾಯ, ನೀನು ಓದು" ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ, ಅವನು ಕೇಳಿದ್ದು ಆಶೀರ್ವಾದ ಅಲ್ಲ, ಲೆಕ್ಕ. ಆ ಲೆಕ್ಕ ಗೊತ್ತಿರುವವರು ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಕಡಿಮೆ, ಯಾಕಂದ್ರೆ ಮಂಗಳೂರಿನ ಕೋಚಿಂಗ್‌ನವರು ಕರ್ನಾಟಕದ ಲೆಕ್ಕ ಹೇಳ್ತಾರೆ, ಕಣ್ಣೂರಿನವರು ಕೇರಳದ ಲೆಕ್ಕ ಹೇಳ್ತಾರೆ, ಎರಡರ ನಡುವೆ ನಿಂತಿರುವ ನಮ್ಮ ಮಕ್ಕಳ ಲೆಕ್ಕ ಹೇಳುವವರು ಯಾರೂ ಇಲ್ಲ. ಎರಡು ವರ್ಷ ಅವನ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಒಂದೊಂದಾಗಿ ಬರೀತಿದ್ದೇನೆ.

ಮೊದಲೇ ಹೇಳಿಬಿಡ್ತೇನೆ, ನಮ್ಮ ಮಕ್ಕಳ ವಿಷಯದಲ್ಲಿ ಮಾರ್ಕ್ ಎಷ್ಟು ಅನ್ನೋದಕ್ಕಿಂತ ಮೊದಲು ಯಾವ ಕ್ಯೂನಲ್ಲಿ ನಿಂತಿದ್ದಾರೆ ಅಂತ ನೋಡ್ಬೇಕು. ಅದೇ ಮಾರ್ಕಿಗೆ ಒಂದು ಕ್ಯೂನಲ್ಲಿ ಸೀಟ್ ಉಂಟು, ಪಕ್ಕದ ಕ್ಯೂನಲ್ಲಿ ಇಲ್ಲ.

ಹೆಜ್ಜೆ 1: ಎ ಪ್ಲಸ್ ಲೆಕ್ಕ ಬದಿಗಿಡಿ

2025ರ ಎಸ್‌ಎಸ್‌ಎಲ್‌ಸಿಯಲ್ಲಿ ಕೇರಳದಲ್ಲಿ ಎಲ್ಲಾ ವಿಷಯಕ್ಕೂ ಎ ಪ್ಲಸ್ ಬಂದ ಮಕ್ಕಳು 61 ಸಾವಿರಕ್ಕಿಂತ ಹೆಚ್ಚು. ಫುಲ್ ಎ ಪ್ಲಸ್ ಬಂತು ಅಂತ ಊರಿನ ಕ್ಲಬ್ಬಿನವರು ಫ್ಲೆಕ್ಸ್ ಹಾಕ್ತಾರೆ, ಹಾಕ್ಲಿ, ಮಗು ಕಷ್ಟಪಟ್ಟದ್ದು ಸುಳ್ಳಲ್ಲ, ಆದ್ರೆ ಆ ಗ್ರೇಡಿನಿಂದ ಮುಂದಿನ ಸೀಟ್ ಬಗ್ಗೆ ಏನೂ ಗೊತ್ತಾಗುದಿಲ್ಲ. 90 ಬಂದವನಿಗೂ ಎ ಪ್ಲಸ್, 100 ಬಂದವನಿಗೂ ಎ ಪ್ಲಸ್. ಕಾಲೇಜು ನೋಡುವುದು ರಾಂಕ್. ನಿಮ್ಮ ಮಗು ಎಷ್ಟು ತೆಗೆದ ಅನ್ನೋದರ ಜೊತೆ ಅವನ ಮುಂದೆ ಎಷ್ಟು ಜನ ಉಂಟು ಅಂತ ಲೆಕ್ಕ ಮಾಡಬೇಕು, ಅಷ್ಟೇ.

ಹೆಜ್ಜೆ 2: ಮಗು ಯಾವ ಕ್ಯೂನಲ್ಲಿ ನಿಲ್ಲಬಹುದು ಅಂತ ಬರೆದಿಡಿ

ಇದೇ ದೊಡ್ಡ ವಿಷಯ, ದಯವಿಟ್ಟು ನಿಧಾನಕ್ಕೆ ಓದಿ. "ನೀನು ಯಾವ ರಾಜ್ಯದವ" ಅನ್ನುವ ಪ್ರಶ್ನೆಗೆ ಮೂರು ಕಡೆ ಮೂರು ಥರದ ಉತ್ತರ ಉಂಟು.

ಒಂದು, ಎನ್‌ಐಟಿ. ಇಲ್ಲಿ ಅರ್ಧ ಸೀಟ್ ಹೋಮ್ ಸ್ಟೇಟ್ ಮಕ್ಕಳಿಗೆ, ಉಳಿದ ಅರ್ಧ ಬೇರೆ ರಾಜ್ಯದವರಿಗೆ. ಹೋಮ್ ಸ್ಟೇಟ್ ಅಂದ್ರೆ ಹುಟ್ಟಿದ ಊರಲ್ಲ, ರೇಷನ್ ಕಾರ್ಡ್ ಇರುವ ಊರೂ ಅಲ್ಲ, ಹನ್ನೆರಡನೇ ಕ್ಲಾಸ್ ಪಾಸಾದ ರಾಜ್ಯ. ಕಾಸರಗೋಡಲ್ಲೇ ಪ್ಲಸ್ ಟು ಮಾಡಿದ್ರೆ ಕಲ್ಲಿಕೋಟೆ ಎನ್‌ಐಟಿ ನಮಗೆ ಹೋಮ್ ಸ್ಟೇಟ್, ಸುರತ್ಕಲ್ ಪರರಾಜ್ಯ. ಅದೇ ಮಗು ತಲಪಾಡಿ ದಾಟಿ ಮಂಗಳೂರಲ್ಲಿ ಪಿಯುಸಿ ಮಾಡಿದ್ರೆ ಸುರತ್ಕಲ್ ಹೋಮ್ ಸ್ಟೇಟ್ ಆಗ್ತದೆ, ಕಲ್ಲಿಕೋಟೆ ಕೈಬಿಡ್ತದೆ. ಹೆಚ್ಚಿನ ಬ್ರಾಂಚುಗಳಲ್ಲಿ ಹೋಮ್ ಸ್ಟೇಟ್ ಕ್ಲೋಸಿಂಗ್ ರಾಂಕ್ (ಕೊನೇ ಸೀಟ್ ಸಿಕ್ಕಿದವರ ರಾಂಕ್) ಸ್ವಲ್ಪ ಸಡಿಲ ಇರ್ತದೆ, ಹಾಗಾಗಿ ಹತ್ತನೇ ಕ್ಲಾಸ್ ಮುಗಿದ ಮೇ ತಿಂಗಳಲ್ಲಿ "ಪ್ಲಸ್ ವನ್ನಾ, ಪಿಯುಸಿಯಾ" ಅಂತ ಮನೆಯಲ್ಲಿ ಮಾತಾಡುವಾಗ ಹಾಸ್ಟೆಲ್ ಫೀಸ್, ಬಸ್ಸಿನ ಜೊತೆ ಇದನ್ನೂ ಮಾತಾಡಬೇಕು. ಐಐಟಿಗಳಿಗೆ ಈ ಹೋಮ್ ಸ್ಟೇಟ್ ಪಂಚಾಯ್ತಿ ಇಲ್ಲ, ಪಾಲಕ್ಕಾಡ್ ಆದ್ರೂ ಧಾರವಾಡ ಆದ್ರೂ ಒಂದೇ ಪಟ್ಟಿ.

ಎರಡು, ಕೀಮ್, ಅಂದ್ರೆ ಎಂಜಿನಿಯರಿಂಗ್ ಮುಂತಾದ ಕೋರ್ಸಿಗೆ ಕೇರಳದ ಎಂಟ್ರೆನ್ಸ್. ಇಲ್ಲಿ ಕೇಳುವುದು ಮೂಲ. ಅಪ್ಪ ಅಥವಾ ಅಮ್ಮ ಕೇರಳದಲ್ಲಿ ಹುಟ್ಟಿದವರಾದ್ರೆ ಮಗು ಮಂಗಳೂರಲ್ಲಿ ಓದಿದ್ರೂ ಕೇರಳೀಯನೇ, ದಾಖಲೆ ಇದ್ರೆ ಸಾಕು. ಅಮ್ಮ ಪುತ್ತೂರಿನವರು, ಅಪ್ಪ ಕಾಸರಗೋಡಿನವರು ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟು ಉಂಟಲ್ವಾ, ಅಂಥವರು ಅಪ್ಪನ ಜನನ ಪ್ರಮಾಣಪತ್ರವೋ ಸ್ಕೂಲ್ ಸರ್ಟಿಫಿಕೇಟೋ ಈಗಲೇ ಹುಡುಕಿಡಿ, ಅಟ್ಟದ ಪೆಟ್ಟಿಗೆಯಲ್ಲಿ ಎಲ್ಲೋ ಇರ್ತದೆ.

ಮೂರು, ಸಿಇಟಿ, ಅಂದ್ರೆ ಅಂಥದೇ ಕೋರ್ಸುಗಳಿಗೆ ಕರ್ನಾಟಕದ ಎಂಟ್ರೆನ್ಸ್. ಸಾಮಾನ್ಯ ನಿಯಮ ಅಂದ್ರೆ ಒಂದರಿಂದ ಹನ್ನೆರಡರ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಇಲ್ಲೇ ನಮ್ಮ ಜನ ಬೀಳುವುದು. ನನ್ನ ಪರಿಚಯದ ಒಂದು ಹುಡುಗಿಗೆ, ಎರಡು ವರ್ಷ ಮಂಗಳೂರಲ್ಲಿ ಪಿಯುಸಿ ಮಾಡಿದ್ರೆ ಸಿಇಟಿ ಗವರ್ಮೆಂಟ್ ಸೀಟ್ ತನ್ನಷ್ಟಕ್ಕೆ ಬರ್ತದೆ ಅಂತ ಯಾರೋ ಹೇಳಿದ್ರು, ಮನೆಯವರು ನಂಬಿದ್ರು, ಪರೀಕ್ಷೆ ಎಲ್ಲ ಬರೆದು ಡಾಕ್ಯುಮೆಂಟ್ ವೆರಿಫಿಕೇಶನ್‌ಗೆ ಕೂತಾಗ ಏಳು ವರ್ಷದ ಲೆಕ್ಕ ಬಂತು. ಆ ಮಗು ಅಲ್ಲೇ ಅತ್ತದ್ದು ನೆನಪಾದ್ರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಹಾಗಂತ ನಮಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸ ಇದ್ದು ಓದಿದವರಿಗೆ ಗಡಿನಾಡು ಕನ್ನಡಿಗ ಅಂತ ಬೇರೆ ಕ್ಲಾಸ್ ಉಂಟು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕಿನವರಿಗೂ ಅದೇ. ಅದಕ್ಕೆ ಅರ್ಜಿ ಹಾಕಿದವರು ಸಿಇಟಿ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೀಬೇಕು, 50 ಮಾರ್ಕಿಗೆ 12 ಬಂದ್ರೆ ಪಾಸ್, ಅದು ರಾಂಕಿಗೆ ಸೇರುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ, ಇಂಗ್ಲಿಷ್ ಮೀಡಿಯಂನಲ್ಲಿ ಮಲಯಾಳಂ ತೆಗೊಂಡು ಓದಿದ ಕನ್ನಡ ಮನೆಯ ಮಕ್ಕಳು ಮಾತ್ರ ಎರಡು ತಿಂಗಳು ಮುಂಚೆ ಓದ್ಲಿಕ್ಕೆ ಬರೀಲಿಕ್ಕೆ ಕೂರಬೇಕು, ಮನೆಯಲ್ಲಿ ಮಾತಾಡ್ತೇವೆ ಅಂದ್ರೆ ಸಾಕಾಗುದಿಲ್ಲ. ಎಷ್ಟು ವರ್ಷ ಓದಿರಬೇಕು, ಯಾವ ಪರೀಕ್ಷೆ ಎಲ್ಲಿ ಪಾಸಾಗಿರಬೇಕು ಅನ್ನುವ ವಾಕ್ಯವನ್ನು ಆ ವರ್ಷದ ಸಿಇಟಿ ಮಾಹಿತಿ ಪುಸ್ತಕದಲ್ಲೇ ಓದಿ, ಅದನ್ನು ಪ್ರಿಂಟ್ ತೆಗೆದು ಗೆರೆ ಹಾಕಿಡಿ.

ಕಾಮೆಡ್‌ಕೆಗೆ (ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ) ಈ ತಲೆನೋವು ಇಲ್ಲ, ಯಾವ ರಾಜ್ಯದವರೂ ಬರೆಯಬಹುದು, ರಾಂಕ್ ಪರೀಕ್ಷೆಯ ಮಾರ್ಕಿನ ಮೇಲೆ ಮಾತ್ರ, ಆದ್ರೆ ಫೀಸ್ ಸಿಇಟಿ ಸೀಟಿಗಿಂತ ಬಹಳ ಜಾಸ್ತಿ. ಜತ್ತ, ಅಕ್ಕಲಕೋಟೆ ಕಡೆಯವರು ಕೀಮ್ ಇರುವಲ್ಲಿ ಮಹಾರಾಷ್ಟ್ರದ ಎಂಎಚ್‌ಟಿ ಸಿಇಟಿ ಅಂತ, ಕಲ್ಲಿಕೋಟೆ ಇರುವಲ್ಲಿ ನಾಗಪುರದ ಎನ್‌ಐಟಿ ಅಂತ ಓದಿಕೊಂಡು ಹೋಗಿ, ಉಳಿದ ಲೆಕ್ಕ ಒಂದೇ.

ಹೆಜ್ಜೆ 3: ಮೀಸಲಾತಿ ಕಾಲಮ್ ಸರಿಯಾಗಿ ಆರಿಸಿ

ಒಂದೇ ಜಾತಿ ಮೂರು ಪಟ್ಟಿಯಲ್ಲಿ ಮೂರು ಕಡೆ ಇರಬಹುದು. ಕೇರಳದ ಎಸ್‌ಇಬಿಸಿ (ಹಿಂದುಳಿದ ವರ್ಗ) ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ, ಕರ್ನಾಟಕದ 2ಎ 3ಬಿ ಇತ್ಯಾದಿ ಬೇರೆಯೇ. ಕರ್ನಾಟಕದಲ್ಲಿರುವ ಸಂಬಂಧಿಕರ ಮಗುವಿಗೆ 2ಎಯಲ್ಲಿ ಸೀಟ್ ಸಿಕ್ಕಿತು ಅಂತ ನಮ್ಮ ಮಗುವಿಗೂ ಅದೇ ಕಟಾಫ್ ಹಿಡಿದು ನೋಡಬೇಡಿ, ಸಿಇಟಿ ಲೆಕ್ಕವನ್ನು ಜಿಎಂ (ಜನರಲ್ ಮೆರಿಟ್) ಕಾಲಮ್‌ನಲ್ಲೇ ಹಾಕಿ. ಅಲ್ಲಿಯ ಗ್ರಾಮೀಣ ಕೋಟಾ ಕೂಡ ಕರ್ನಾಟಕದ ಹಳ್ಳಿಯಲ್ಲಿ ಒಂದರಿಂದ ಹತ್ತರ ತನಕ ಓದಿದವರಿಗೆ, ನಮ್ಮ ಪೈವಳಿಕೆ ಎಷ್ಟು ಹಳ್ಳಿ ಆದ್ರೂ ಅದಕ್ಕೆ ಸೇರುದಿಲ್ಲ.

ಇಡಬ್ಲ್ಯುಎಸ್‌ನಲ್ಲೂ (ಜನರಲ್‌ನವರಲ್ಲಿ ಆದಾಯ ಕಡಿಮೆ ಇರುವವರ ಮೀಸಲಾತಿ) ಹೀಗೇ ಒಂದು ಗುಂಡಿ ಉಂಟು. ಕೇಂದ್ರದ ಲೆಕ್ಕಕ್ಕೆ ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗೆ, ಕೇರಳದ ಲೆಕ್ಕಕ್ಕೆ 4 ಲಕ್ಷದ ಒಳಗೆ, ಜಾಗದ ಮಿತಿಯೂ ಬೇರೆ ಬೇರೆ. ಹಾಗಾಗಿ ಜೆಇಇಗೆ (ಎನ್‌ಐಟಿ, ಐಐಟಿಯ ಪರೀಕ್ಷೆ) ಇಡಬ್ಲ್ಯುಎಸ್ ಆದ ಮಗು ಕೀಮ್‌ಗೆ ಜನರಲ್ ಆಗಬಹುದು. ಕೇಂದ್ರಕ್ಕೆ ಕೊಡುವ ಒಬಿಸಿ ನಾನ್ ಕ್ರೀಮಿಲೇಯರ್ ಮತ್ತು ಇಡಬ್ಲ್ಯುಎಸ್ ಸರ್ಟಿಫಿಕೇಟು ಆ ವರ್ಷದ ಎಪ್ರಿಲ್ 1ರ ನಂತರ ತೆಗೆದದ್ದೇ ಆಗಬೇಕು, ಕಳೆದ ವರ್ಷದ್ದು ನಡೆಯುದಿಲ್ಲ. ಅಕ್ಷಯ ಸೆಂಟರಿನಲ್ಲಿ (ಕೇರಳದ ಆನ್‌ಲೈನ್ ಅರ್ಜಿ ಕೇಂದ್ರ) ಅರ್ಜಿ ಹಾಕುವಾಗ "ಕೇಂದ್ರಕ್ಕೆ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ರೆ ವಿಲ್ಲೇಜ್ ಆಫೀಸಿನಿಂದ ರಾಜ್ಯದ ಫಾರ್ಮೇ ಬಂದು ಮತ್ತೆ ಓಡಾಟ.

ಹೆಜ್ಜೆ 4: ಮಾರ್ಕನ್ನು ರಾಂಕಿಗೆ ತಿರುಗಿಸಿ

ಜೆಇಇ ಮೇನ್‌ಗೆ ಇದು ಸುಲಭ. ಪರ್ಸೆಂಟೈಲ್ ಅಂದ್ರೆ ನಿಮ್ಮ ಹಿಂದೆ ನೂರಕ್ಕೆ ಎಷ್ಟು ಜನ ಅಂತ, ಪರ್ಸೆಂಟೇಜ್ ಅಲ್ಲ. ನೂರರಿಂದ ಪರ್ಸೆಂಟೈಲ್ ಕಳೆಯಿರಿ, ಬಂದದ್ದನ್ನು ಬರೆದ ಒಟ್ಟು ಜನರಿಗೆ ಗುಣಿಸಿ ನೂರರಿಂದ ಭಾಗಿಸಿ. 2025ರಲ್ಲಿ ಎರಡೂ ಸೆಷನ್ ಸೇರಿ ಬರೆದವರು ಸುಮಾರು 14.75 ಲಕ್ಷ. 99 ಪರ್ಸೆಂಟೈಲ್ ಅಂದ್ರೆ ಹತ್ತಿರ ಹತ್ತಿರ 14,750ನೇ ರಾಂಕ್, 98 ಅಂದ್ರೆ 29,500, 95 ಅಂದ್ರೆ 73,750. 95 ಕೇಳ್ಲಿಕ್ಕೆ ಎಷ್ಟು ಚಂದ, ಆದ್ರೆ ಮುಂದೆ ಎಪ್ಪತ್ತಮೂರು ಸಾವಿರ ಮಕ್ಕಳು ನಿಂತಿದ್ದಾರೆ. 98ರಿಂದ 99ಕ್ಕೆ ಹೋಗುವ ಒಂದೇ ಒಂದು ಪಾಯಿಂಟ್ ಹದಿನಾಲ್ಕು ಸಾವಿರ ಜನರನ್ನು ದಾಟುವ ಕೆಲಸ, ಇದನ್ನು ಮಕ್ಕಳಿಗೆ ಕಾಗದದ ಮೇಲೆ ತೋರಿಸಿ, ಬೈಯುವ ಅಗತ್ಯವೇ ಬರುದಿಲ್ಲ. ಇದರ ಜೊತೆ ಎನ್‌ಐಟಿಗೆ ಹನ್ನೆರಡನೇ ಕ್ಲಾಸಿನಲ್ಲಿ 75 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿಗೆ 65, ಇಲ್ಲದಿದ್ರೆ ಬೋರ್ಡಿನ ಟಾಪ್ 20 ಪರ್ಸೆಂಟೈಲ್ ಒಳಗೆ ಇರಬೇಕು.

ಸಿಇಟಿ ಎಂಜಿನಿಯರಿಂಗ್ ರಾಂಕ್ ಅರ್ಧ ಅರ್ಧ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಪರೀಕ್ಷೆ ಒಟ್ಟು 180 ಮಾರ್ಕಿಗೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಸಿಇಟಿಯಲ್ಲಿ 108 ಬಂದ್ರೆ ಅದು 60 ಪರ್ಸೆಂಟ್, ಹನ್ನೆರಡರಲ್ಲಿ ಆ ಮೂರು ವಿಷಯಕ್ಕೆ 94 ಪರ್ಸೆಂಟ್ ಇದ್ರೆ ಎರಡನ್ನೂ ಅರ್ಧ ಮಾಡಿ ಕೂಡಿಸಿ, 30 ಮತ್ತು 47, ಒಟ್ಟು 77. ಈ 77ಕ್ಕೆ ಕಳೆದ ವರ್ಷ ಎಷ್ಟನೇ ರಾಂಕ್ ಬಂದಿತ್ತು ಅಂತ ಆ ವರ್ಷ ಬರೆದ ಎರಡು ಮೂರು ಮಕ್ಕಳನ್ನು ಕೇಳಿದ್ರೆ ಅಂದಾಜು ಸಿಗ್ತದೆ.

ಕೀಮ್ ಎಂಜಿನಿಯರಿಂಗ್ ಕೂಡ ಎಂಟ್ರೆನ್ಸಿಗೆ ಅರ್ಧ, ಪ್ಲಸ್ ಟುಗೆ ಅರ್ಧ, ಆದ್ರೆ ನಡುವೆ ನಾರ್ಮಲೈಸೇಶನ್ (ಬೇರೆ ಬೇರೆ ಬೋರ್ಡಿನ ಮಾರ್ಕನ್ನು ಸಮ ಮಾಡುವ ಲೆಕ್ಕ) ಉಂಟು. ಪರೀಕ್ಷೆ 150 ಪ್ರಶ್ನೆ, ಮ್ಯಾಥ್ಸ್ 75, ಫಿಸಿಕ್ಸ್ 45, ಕೆಮಿಸ್ಟ್ರಿ 30, ಸರಿಗೆ 4, ತಪ್ಪಿಗೆ ಒಂದು ಕಡಿತ. ಮ್ಯಾಥ್ಸ್ ಅರ್ಧ ಭಾಗ ಇರುವಾಗ ಕೆಮಿಸ್ಟ್ರಿ ಗಟ್ಟಿ ಇದ್ದು ಮ್ಯಾಥ್ಸ್ ಮೆತ್ತಗಿರುವ ಮಗುವಿಗೆ ಸಿಇಟಿಯಲ್ಲಿ ಬರುವಷ್ಟು ಒಳ್ಳೆ ರಾಂಕ್ ಇಲ್ಲಿ ಬರುವುದು ಕಷ್ಟ, ಯಾಕಂದ್ರೆ ಸಿಇಟಿಯಲ್ಲಿ ಮೂರಕ್ಕೂ ಸಮ 60. 2025ರಲ್ಲಿ ಏನಾಯ್ತು ಅಂತ ನೆನಪಿರಬಹುದು, ಪ್ಲಸ್ ಟು ಮಾರ್ಕ್ ಸೇರಿಸುವ ಲೆಕ್ಕ ಕೊನೇ ಗಳಿಗೆಯಲ್ಲಿ ಬದಲಾಯಿಸಿ ಜುಲೈ 1ಕ್ಕೆ ರಾಂಕ್ ಪಟ್ಟಿ ಹಾಕಿದ್ರು, ಹೈಕೋರ್ಟ್ ಅದನ್ನು ರದ್ದು ಮಾಡಿತು, ಹಳೇ ಲೆಕ್ಕದಲ್ಲಿ ಹೊಸ ಪಟ್ಟಿ ಬಂದಾಗ ಎಷ್ಟೋ ಸ್ಟೇಟ್ ಸಿಲೆಬಸ್ ಮಕ್ಕಳು ಹಿಂದೆ ಹೋದ್ರು. ಹಾಗಾಗಿ ಕೀಮ್ ಅಂದಾಜಿಗೆ ಯಾವಾಗಲೂ ಜಾಸ್ತಿ ಜಾಗ ಬಿಟ್ಟು ಇಟ್ಟುಕೊಳ್ಳಿ, ಮತ್ತು ಈ ವರ್ಷದ ಪ್ರಾಸ್ಪೆಕ್ಟಸ್ ಓದದೆ ಹಳೇ ಸೂತ್ರ ಹಿಡಿಯಬೇಡಿ.

ಮೆಡಿಕಲ್‌ನ ನೀಟ್ ಬಗ್ಗೆ ಒಂದೇ ಮಾತು, ಮಾರ್ಕ್ ಹೋಲಿಸಬೇಡಿ, ರಾಂಕ್ ಹೋಲಿಸಿ. 2024ರಲ್ಲಿ ಪರಿಷ್ಕೃತ ಪಟ್ಟಿಯಲ್ಲೂ 17 ಮಕ್ಕಳಿಗೆ 720ಕ್ಕೆ 720 ಇತ್ತು, 2025ರಲ್ಲಿ ದೇಶಕ್ಕೇ ಮೊದಲನೆಯವನಿಗೆ 686. ಒಂದು ವರ್ಷದ 620 ಇನ್ನೊಂದು ವರ್ಷದ 620 ಅಲ್ಲ. ಮತ್ತೆ "ಕ್ವಾಲಿಫೈ ಆಯ್ತು" ಅಂದ್ರೆ ಸೀಟ್ ಆಯ್ತು ಅಂತ ಅಲ್ಲ, 2025ರಲ್ಲಿ ಕ್ವಾಲಿಫೈ ಆದವರೇ 12 ಲಕ್ಷಕ್ಕಿಂತ ಜಾಸ್ತಿ, ಇಡೀ ದೇಶದ ಎಂಬಿಬಿಎಸ್ ಸೀಟು ಅದರ ಹತ್ತನೇ ಒಂದು ಭಾಗದ ಆಸುಪಾಸು. ಸರಕಾರಿ ಕಾಲೇಜುಗಳ ಸೀಟಿನಲ್ಲಿ 15 ಪರ್ಸೆಂಟ್ ಅಖಿಲ ಭಾರತ, 85 ಪರ್ಸೆಂಟ್ ರಾಜ್ಯದ್ದು. ಬದಿಯಡ್ಕ ಹತ್ತಿರ ಉಕ್ಕಿನಡ್ಕದ ನಮ್ಮ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಸೀಟಿನ ಅನುಮತಿ ಬಂತು, ಎಷ್ಟು ವರ್ಷ ಕಾದದ್ದು ಅದಕ್ಕೆ, ಆದ್ರೆ ಅದು ಜಿಲ್ಲೆಯವರಿಗೆ ಅಂತ ಮೀಸಲಿಟ್ಟ ಸೀಟಲ್ಲ, ರಾಜ್ಯದ ಪಟ್ಟಿಯಿಂದಲೇ ತುಂಬುವುದು.

ಸೈನ್ಸ್ ಅಲ್ಲದವರಿಗೆ ಸಿಯುಇಟಿ, ಅಂದ್ರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಟ್ರೆನ್ಸ್. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇರ್ಲಿ, ಡೆಲ್ಲಿ ಯೂನಿವರ್ಸಿಟಿ ಇರ್ಲಿ, ದಾರಿ ಅದೇ. ಪ್ರತಿ ವಿಷಯ 250 ಮಾರ್ಕಿಗೆ. ಇಲ್ಲಿ ಚಾನ್ಸ್ ಹಾಳಾಗುವುದು ಹೆಚ್ಚಾಗಿ ವಿಷಯ ತಪ್ಪು ಆರಿಸಿ: ಡೆಲ್ಲಿಗೆ ಹನ್ನೆರಡರಲ್ಲಿ ಓದಿದ ವಿಷಯದಲ್ಲೇ ಬರೆದಿರಬೇಕು, ಯಾವ ಕೋರ್ಸಿಗೆ ಯಾವ ಜೋಡಿ ಅಂತ ಮೊದಲು ನೋಡಿ ಆಮೇಲೆ ಅರ್ಜಿ ತುಂಬಿಸಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು, ಪ್ಲಸ್ ಟುನಲ್ಲಿ ಕನ್ನಡ ತೆಗೊಂಡ ನಮ್ಮ ಮಕ್ಕಳು ಇಂಗ್ಲಿಷೇ ಬರೀಬೇಕು ಅಂತ ಹೆದರಿ ಕೂರ್ತಾರೆ, ಪಾಪ.

ಮತ್ತೆ ಶುದ್ಧ ವಿಜ್ಞಾನ ಇಷ್ಟ ಇರುವ ಮಗು ಇದ್ರೆ ಐಸರ್‌ನವರ (ಕೇಂದ್ರ ಸರಕಾರದ ವಿಜ್ಞಾನ ಸಂಸ್ಥೆಗಳು) ಐಎಟಿ ಪರೀಕ್ಷೆ ಬರೆಸಿ, ತಿರುವನಂತಪುರದಲ್ಲೇ ಒಂದು ಐಸರ್ ಉಂಟು. ನಮ್ಮ ಕಡೆ ಇದರ ಹೆಸರೇ ಕೇಳಿರುದಿಲ್ಲ.

ಹೆಜ್ಜೆ 5: ಮಗುವಿನ ನಿಜವಾದ ಮಟ್ಟ ಅಳೆಯಿರಿ

ಒಂದು ಮಾಕ್ ಟೆಸ್ಟಿನ ಮಾರ್ಕ್ ಹಿಡಿದು ಏನೂ ಹೇಳ್ಲಿಕ್ಕೆ ಆಗುದಿಲ್ಲ. ಹಿಂದಿನ ವರ್ಷಗಳ ನಿಜವಾದ ಪ್ರಶ್ನೆಪತ್ರಿಕೆ ಐದು ತೆಗೆದುಕೊಳ್ಳಿ, ಮಗು ಮುಂಚೆ ನೋಡಿರಬಾರದು, ಮೂರು ಗಂಟೆ ಫೋನ್ ಬೇರೆ ಕೋಣೆಯಲ್ಲಿ, ನಡುವೆ ಚಾ ತಂದುಕೊಡುವ ಅಜ್ಜಿಗೂ ಹೇಳಿಡಿ, ಬೆಳಿಗ್ಗೆ ಪರೀಕ್ಷೆಯ ಹೊತ್ತಿಗೇ ಕೂರಿಸಿ. ಐದರಲ್ಲಿ ಅತಿ ಒಳ್ಳೆದು ಮತ್ತು ಅತಿ ಕೆಟ್ಟದ್ದು ಎರಡನ್ನೂ ರಾಂಕಿಗೆ ತಿರುಗಿಸಿ ಬರೆದಿಡಿ. ಆ ಎರಡರ ನಡುವೆ ಮಗು ಉಂಟು. ಹೆತ್ತವರು ಯಾವಾಗಲೂ ಒಳ್ಳೆ ಮಾರ್ಕನ್ನೇ ನೆನಪಿಟ್ಟುಕೊಳ್ತಾರೆ, ಮಗು ಕೆಟ್ಟದ್ದನ್ನು ನೆನೆದು ರಾತ್ರಿ ನಿದ್ದೆ ಬಿಡ್ತದೆ, ಎರಡನ್ನೂ ಕಾಗದದಲ್ಲಿ ಒಟ್ಟಿಗೆ ಇಟ್ಟರೆ ಇಬ್ಬರಿಗೂ ಒಳ್ಳೆದು.

ಅಣ್ಣನ ಮಗನಿಗೆ ಪ್ಲಸ್ ಟು ಡಿಸೆಂಬರಿನಲ್ಲಿ ಬಂದದ್ದು ಒಳ್ಳೆ ದಿನ 16 ಸಾವಿರದ ಹತ್ತಿರ, ಕೆಟ್ಟ ದಿನ 34 ಸಾವಿರ. ಕೆಟ್ಟ ದಿನಗಳೆರಡೂ ಫಿಸಿಕ್ಸ್ ಮೊದಲು ಶುರು ಮಾಡಿದ ದಿನಗಳು ಅಂತ ಆಮೇಲೆ ನೋಡುವಾಗ ಗೊತ್ತಾಯ್ತು, ಕ್ರಮ ಬದಲಿಸಿದ.

ಹೆಜ್ಜೆ 6: ಮೂರು ವರ್ಷದ ಕ್ಲೋಸಿಂಗ್ ರಾಂಕ್ ಎದುರಿಡಿ

ಜೋಸಾದವರು (ಐಐಟಿ, ಎನ್‌ಐಟಿ ಸೀಟ್ ಹಂಚುವವರು) ಪ್ರತಿ ಕಾಲೇಜು, ಬ್ರಾಂಚು, ಕೋಟಾ, ವಿಭಾಗದ ಓಪನಿಂಗ್ ಕ್ಲೋಸಿಂಗ್ ರಾಂಕ್ ರೌಂಡ್ ಪ್ರಕಾರ ಹಾಕ್ತಾರೆ, ಕೇರಳದ ಎಂಟ್ರೆನ್ಸ್ ಕಮಿಷನರ್ ಲಾಸ್ಟ್ ರಾಂಕ್ ಹಾಕ್ತಾರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕಟಾಫ್ ಹಾಕ್ತದೆ. ದುಡ್ಡು ಕೊಟ್ಟು ಯಾರ ಹತ್ತಿರವೂ ಕೇಳಬೇಕಾಗಿಲ್ಲ. ಕೊನೇ ರೌಂಡಿನ ಸಂಖ್ಯೆ ತೆಗೆಯಿರಿ, ಮೂರು ವರ್ಷದ್ದು, ಅದರಲ್ಲಿ ಅತಿ ಬಿಗಿ ಯಾವುದು, ಅತಿ ಸಡಿಲ ಯಾವುದು ನೋಡಿ.

ಒಂದು ಎಚ್ಚರಿಕೆ, ಜೋಸಾದಲ್ಲಿ ಒಬಿಸಿ, ಎಸ್‌ಸಿ, ಇಡಬ್ಲ್ಯುಎಸ್ ಸಾಲಿನಲ್ಲಿ ಇರುವುದು ಆ ವಿಭಾಗದೊಳಗಿನ ರಾಂಕ್, ಎಲ್ಲರ ಒಟ್ಟು ರಾಂಕ್ ಅಲ್ಲ. ಒಬಿಸಿ ಸಾಲಿನಲ್ಲಿ 4,000 ಕಂಡು "ಅಯ್ಯೋ ಇಷ್ಟು ಬಿಗಿಯಾ" ಅಂತ ಕೈಬಿಟ್ಟವರು ಉಂಟು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಾಲು ಉಂಟು, ಅದನ್ನು ಬಿಟ್ಟು ಹೋಗಬೇಡಿ.

ಇನ್ನು ಕಾಗದದಲ್ಲಿ ಮೂರು ಕಾಲಮ್ ಎಳೆಯಿರಿ. ನಾವು ಅಡಿಕೆ ತೋಟದವರಾದ ಕಾರಣ ಹೆಸರು ಹಾಗೇ ಇಟ್ಟೆವು: ಕೈಗೆ ಸಿಗುವುದು, ದೋಟಿಗೆ (ಅಡಿಕೆ ಕೊಯ್ಯುವ ಉದ್ದ ಕೋಲಿಗೆ) ಸಿಗುವುದು, ದೋಟಿಗೂ ಎಟುಕದ್ದು. ಮಗುವಿನ ಕೆಟ್ಟ ದಿನದ ರಾಂಕ್ ಕೂಡ ಮೂರು ವರ್ಷದ ಅತಿ ಬಿಗಿ ಕ್ಲೋಸಿಂಗಿನ ಒಳಗೆ ಬಂದ್ರೆ ಅದು ಕೈಗೆ ಸಿಗುವುದು. ಮಗುವಿನ ಒಳ್ಳೆ ದಿನದ ರಾಂಕೂ ಅತಿ ಸಡಿಲ ಕ್ಲೋಸಿಂಗಿನ ಆಚೆ ಇದ್ರೆ ದೋಟಿಗೂ ಎಟುಕದ್ದು. ಮಗುವಿನ ರಾಂಕಿನ ಸಾಲು, ಕ್ಲೋಸಿಂಗಿನ ಸಾಲು ಒಂದರ ಮೇಲೊಂದು ಸ್ವಲ್ಪ ಆದ್ರೂ ಬೀಳ್ತದಾ, ದೋಟಿಗೆ ಸಿಗುವುದು. ಉದಾಹರಣೆಗೆ ಅಂತ ಹೇಳ್ತೇನೆ, ಒಂದು ಬ್ರಾಂಚು ಮೂರು ವರ್ಷದಲ್ಲಿ 20,000, 23,000, 26,000ಕ್ಕೆ ನಿಂತಿದೆ ಅಂತಿಟ್ಟುಕೊಳ್ಳಿ, ನಮ್ಮ ಹುಡುಗ 16ರಿಂದ 34 ಸಾವಿರ, ಆಗ ಅದು ದೋಟಿಗೆ ಸಿಗುವುದು. ಅವನ ಕೆಟ್ಟ ದಿನ 34ರಿಂದ 19ಕ್ಕೆ ಇಳಿದ್ರೆ ಅದೇ ಬ್ರಾಂಚು ಕೈಗೆ ಬರ್ತದೆ. ಗಮನಿಸಿ, ಒಳ್ಳೆ ದಿನವನ್ನು ಇನ್ನೂ ಒಳ್ಳೆದು ಮಾಡುವುದಕ್ಕಿಂತ ಕೆಟ್ಟ ದಿನವನ್ನು ಸುಧಾರಿಸಿದ್ರೆ ಕಾಲಮ್ ಬೇಗ ಬದಲಾಗ್ತದೆ, ಕೊನೇ ಮೂರು ತಿಂಗಳು ಓದುವ ಕ್ರಮವನ್ನೇ ನಾವು ಇದರ ಮೇಲೆ ಕಟ್ಟಿದ್ದು.

ಕೈಗೆ ಸಿಗುವ ಕಾಲಮ್‌ನಲ್ಲಿ ಕಡಿಮೆ ಅಂದ್ರೂ ಎರಡು ಹೆಸರು ಇರಬೇಕು, ಅದೂ ಮಗು ನಿಜವಾಗಿ ಹೋಗ್ಲಿಕ್ಕೆ ಒಪ್ಪುವ ಕಾಲೇಜು. ಪೊವ್ವಲ್‌ನ ಎಲ್‌ಬಿಎಸ್ ಕಾಲೇಜು ಮನೆ ಹತ್ತಿರ ಅನ್ನುವ ಕಾರಣಕ್ಕೇ ಕೆಲವರು ಮೂಗು ಮುರೀತಾರೆ, ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 7: ದುಡ್ಡಿನ ಸಾಲು

ಪ್ರತಿ ಹೆಸರಿನ ಪಕ್ಕ ನಾಲ್ಕು ವರ್ಷದ ಒಟ್ಟು ಖರ್ಚು, ಹಾಸ್ಟೆಲ್ ಸೇರಿಸಿ ಬರೆಯಿರಿ. ರಾಂಕಿಗೆ ಸಿಕ್ಕಿ ಫೀಸಿಗೆ ಸಿಗದ ಸೀಟು ಪಟ್ಟಿಯಲ್ಲಿ ಇರಬಾರದು, ಸಾಲ ಮಾಡುವುದಾದ್ರೆ ಎಷ್ಟು ಅಂತ ಮಗುವಿನ ಎದುರೇ ಮಾತಾಡಿ, ಹದಿನೇಳು ವರ್ಷದ ಮಕ್ಕಳಿಗೆ ಅಡಿಕೆ ರೇಟು ಗೊತ್ತಿರ್ತದೆ, ಮನೆ ಲೆಕ್ಕವೂ ಅರ್ಥ ಆಗ್ತದೆ.

ಹೆಜ್ಜೆ 8: ಆಪ್ಶನ್ ತುಂಬುವಾಗ ಕಾಲಮ್ ಮರೆತುಬಿಡಿ

ಇಷ್ಟು ಲೆಕ್ಕ ಹಾಕಿದ ಮೇಲೆ ಜನ ಒಂದು ತಪ್ಪು ಮಾಡ್ತಾರೆ, ಸಿಗುವುದನ್ನು ಮೇಲೆ ಹಾಕ್ತಾರೆ. ಹಾಗೆ ಮಾಡಬೇಡಿ. ಜೋಸಾ, ಕೀಮ್, ಸಿಇಟಿ ಮೂರರಲ್ಲೂ ಮೇಲಿನಿಂದ ನೋಡಿಕೊಂಡು ಬರುವುದು, ಎಟುಕದ್ದನ್ನು ಮೇಲೆ ಬರೆದ ಕಾರಣಕ್ಕೆ ಕೆಳಗಿನದ್ದು ತಪ್ಪಿ ಹೋಗುದಿಲ್ಲ. ಇಷ್ಟದ ಕ್ರಮದಲ್ಲೇ ತುಂಬಿಸಿ, ಮೂರೂ ಕಾಲಮ್ ಸೇರಲಿ. ಆದ್ರೆ ಹೋಗ್ಲಿಕ್ಕೆ ಮನಸ್ಸಿಲ್ಲದ್ದನ್ನು ಮೇಲೆ ಹಾಕಬೇಡಿ, ಯಾಕಂದ್ರೆ ಮುಂದಿನ ರೌಂಡಿನಲ್ಲಿ ಮೇಲಿನದ್ದು ಸಿಕ್ಕಿದ್ರೆ ಕೈಯಲ್ಲಿದ್ದದ್ದು ತಾನಾಗಿ ಹೋಗ್ತದೆ. ಜೋಸಾದ ಫ್ರೀಜ್, ಫ್ಲೋಟ್, ಸ್ಲೈಡ್ ಮತ್ತು ಸಿಇಟಿಯ ನಾಲ್ಕು ಚಾಯ್ಸ್ ಅರ್ಥ ಏನು ಅಂತ ಮೊದಲೇ ಓದಿಟ್ಟುಕೊಳ್ಳಿ, ಅಲಾಟ್ಮೆಂಟ್ ಬಂದ ರಾತ್ರಿ ಓದಿದ್ರೆ ತಲೆಗೆ ಹೋಗುದಿಲ್ಲ. ಕೀಮ್, ಸಿಇಟಿ, ಜೋಸಾ ದಿನಾಂಕಗಳು ಒಂದರ ಮೇಲೊಂದು ಬರ್ತವೆ, ಎರಡು ರಾಜ್ಯದ ನಡುವೆ ಇರುವ ನಮಗೆ ಇದು ದೊಡ್ಡ ಕಷ್ಟ, ಒಂದು ಕಡೆ ಫೀಸ್ ಕಟ್ಟಿ ಇನ್ನೊಂದು ಕಡೆ ಬಿಡುವ ಕೊನೇ ದಿನ ಯಾವುದು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಬರೆದು ತೂಗಹಾಕಿ.

ನಮ್ಮ ಹುಡುಗ ಸುರತ್ಕಲ್ ಕಂಪ್ಯೂಟರ್ ಸೈನ್ಸನ್ನೇ ಮೊದಲು ಬರೆದ, ದೋಟಿಗೂ ಎಟುಕದ ಕಾಲಮ್‌ನದ್ದು, ಪರರಾಜ್ಯದ ಕ್ಯೂ ಬೇರೆ. ಅದು ಸಿಗ್ಲಿಲ್ಲ. ಹನ್ನೊಂದನೇ ಸಾಲಿನಲ್ಲಿದ್ದ ಕಲ್ಲಿಕೋಟೆ ಸಿವಿಲ್ ಹೋಮ್ ಸ್ಟೇಟ್‌ನಲ್ಲಿ ನಾಲ್ಕನೇ ರೌಂಡಿಗೆ ಬಂತು, ನಾವು ಅದನ್ನು ಬರೆದದ್ದು ನಡುವಿನ ಕಾಲಮ್‌ನಲ್ಲಿ. ಫೋನಿನಲ್ಲಿ ಹೇಳುವಾಗ ಅವನು "ಅತ್ತೆ, ದೋಟಿಗೆ ಸಿಕ್ಕಿತು" ಅಂದ. ಆ ಕಾಗದ ಈಗ ಅವನ ತಂಗಿಯ ಹತ್ತಿರ ಉಂಟು, ಅವಳು ಈ ವರ್ಷ ಹತ್ತನೇ ಕ್ಲಾಸು, ಹಿಂದಿನ ಪುಟದಲ್ಲಿ ಅವಳದ್ದೇ ಮೂರು ಕಾಲಮ್ ಎಳೆದಿದ್ದಾಳೆ.